ಬೇಡ ಅಂದವರ ಪಟ್ಟಿ

ಅಂಕೋಲೆಯಲ್ಲಿರುವ ನನ್ನ ಅಕ್ಕನ ಮಗ ಗೋಡಂಬಿ, ಮುರುಗಲು ಸಿಪ್ಪೆ, ಹಪ್ಪಳ, ಮೇ ತಿಂಗಳು ಬಂತೆಂದರೆ ಇಶಾಡು ಮಾವಿನ ಹಣ್ಣು ಮಾರುತ್ತಾನೆ. ಮೊದಲು ಅಂಗಡಿ ಪೇಟೆಯಲ್ಲಿತ್ತು. ಈಗ ಎಲ್ಲಿ ಎಂದು ಕೇಳಿದರೆ ಲ್ಯಾಪ್‌ಟಾಪಿನ ಮೇಲೆ ಕೈ ತಟ್ಟಿ “ಇಲ್ಲೇ ಅದೆ ಮಾವ” ಅನ್ನುತ್ತಾನೆ.

ಹೋದ ಹೋಳಿ ಹಬ್ಬಕ್ಕೆ ಅವನಿಂದ ನನಗೊಂದು ಇ-ಮೇಲ್ ಬಂತು. “ನಮ್ಮ ಅಮೂಲ್ಯ ಗ್ರಾಹಕರೇ!!!” ಎಂದು ಶುರು. ಅಂಗಡಿಗೆ ಸಾಲ ಕೊಟ್ಟವನು ನಾನು, ಅಮೂಲ್ಯ ಗ್ರಾಹಕ ಆದದ್ದು ಯಾವಾಗಪ್ಪಾ ಎಂದು ಮೇಲೆ ನೋಡಿದರೆ, ನನ್ನ ವಿಳಾಸದ ಹಿಂದೆ ಮುಂದೆ ಇನ್ನೂರಕ್ಕೂ ಹೆಚ್ಚು ವಿಳಾಸಗಳು ಬಂಡಿಹಬ್ಬದ ಜನರ ಹಾಗೆ ಒತ್ತಿಕೊಂಡು ನಿಂತಿದ್ದವು. ಬಿಸಿಸಿ ಎಂಬ ಮರೆಯ ಮನೆಯೊಂದಿದೆ, ಅಲ್ಲಿ ಹಾಕಿದರೆ ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣುವುದಿಲ್ಲ ಎಂಬುದು ಹುಡುಗನಿಗೆ ಗೊತ್ತಿಲ್ಲ. ಹತ್ತು ನಿಮಿಷದಲ್ಲಿ ಪುಣೆಯ ಒಬ್ಬರು ಎಲ್ಲರಿಗೂ ಕಾಣುವಂತೆ ಉತ್ತರ ಬರೆದರು: ಹೋದ ಸಲದ ಗೋಡಂಬಿ ಮುಗ್ಗಲು. ಹುಬ್ಬಳ್ಳಿಯವರೊಬ್ಬರು “ನಮ್ಮದೂ” ಅಂದರು. ಇನ್ನೊಬ್ಬರು “ದಯವಿಟ್ಟು ಎಲ್ಲರಿಗೂ ಉತ್ತರಿಸಬೇಡಿ” ಎಂದು ಎಲ್ಲರಿಗೂ ಉತ್ತರಿಸಿದರು. ಸಂಜೆಯೊಳಗೆ ಆ ಮುಗ್ಗಲು ಗೋಡಂಬಿ ಮೂರು ರಾಜ್ಯ ಸುತ್ತಿ ಬಂತು.

“ಎಂತಾ ಮಾಡುದು ಮಾವ?” ಫೋನಿನಲ್ಲಿ ಅಳುವುದೊಂದು ಬಾಕಿ.

“ನೀನೇ ಮೊದಲಿನವ ಅಲ್ಲ ತಮಾ” ಅಂದೆ. 1978ರ ಮೇ ತಿಂಗಳಲ್ಲಿ ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ಗ್ಯಾರಿ ಥರ್ಕ್ ಎಂಬಾತ, ಇಂಟರ್ನೆಟ್ಟಿನ ಪೂರ್ವಜನಾದ ಆಗಿನ ಅರ್ಪಾನೆಟ್ಟಿನಲ್ಲಿ ಸುಮಾರು 400 ಮಂದಿಗೆ ಕಂಪ್ಯೂಟರ್ ಮಾರುವ ಪತ್ರ ಕಳಿಸಿದ. ಯಾರೂ ಕೇಳಿರಲಿಲ್ಲ. ವಿಳಾಸಗಳು ಎಷ್ಟಾಗಿದ್ದವೆಂದರೆ ಅವುಗಳ ಜಾಗದಲ್ಲಿ ಹಿಡಿಸದೆ ಪತ್ರದ ಒಳಗೇ ತುಳುಕಿ ಬಿದ್ದಿದ್ದವು. ಬೈಗುಳದ ಜೊತೆಗೆ ವ್ಯಾಪಾರವೂ ಭರ್ಜರಿ ಆಯಿತೆಂದು ಆತ ಮುಂದೆ ಹೇಳಿಕೊಂಡ. ಈ ಕೊನೆಯ ಮಾತನ್ನು ನಾನು ಹೇಳಬಾರದಿತ್ತು. ಅಳಿಯನ ಅಳು ಅಲ್ಲಿಗೇ ನಿಂತಿತು.

ಪಾಠಕ್ಕೆಂದು ಅವನನ್ನು ಕಾರವಾರದ ನನ್ನ ಮನೆಗೆ ಕರೆಸಿಕೊಂಡು, ಗಿರಾಕಿಯನ್ನು ಅರಿಯುವುದು ಹೇಗೆಂದು ಮೀನಿನ ಬಾಯಿಯನ್ನು ತೋರಿಸಿದೆ. ನಮ್ಮ ಓಣಿಗೆ ಬುಟ್ಟಿ ಹೊತ್ತು ಬರುವ ಮೀನಿನ ಬಾಯಿ ಸೋಮವಾರ ನಮ್ಮ ಮನೆ ಮುಂದೆ ಸೊಲ್ಲೆತ್ತುವುದಿಲ್ಲ. ಎದುರು ಮನೆಯವರದು ಗುರುವಾರ. ಶ್ರಾವಣ ಬಂತೆಂದರೆ ಯಾರು ಪೂರ್ತಿ ಬಿಡುತ್ತಾರೆ, ಯಾರು ಬಿಟ್ಟಂತೆ ಮಾಡಿ ಹಿತ್ತಿಲ ಬಾಗಿಲಿಗೆ ಕರೆಯುತ್ತಾರೆ, ಎಲ್ಲ ಅವಳ ತಲೆಯಲ್ಲಿದೆ. ಮೂಲೆಮನೆಯ ಮುದುಕರಿಗೆ ತಾರ್ಲೆ ತೋರಿಸುವುದಿಲ್ಲ, ಮುಳ್ಳು ಜಾಸ್ತಿ. ನೊಗ್ಲಿ ಸಿಕ್ಕ ದಿನ ಮಾತ್ರ ಅವರ ಗೇಟು ತಟ್ಟುತ್ತಾಳೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿ ಕಡಲಿಗೆ ಇಳಿಯುವಂತಿಲ್ಲ. ಆಗ ಬಳಚು ಇದ್ದರೆ ಬಳಚು, ಒಣಮೀನಿದ್ದರೆ ಒಣಮೀನು. “ಇಸವಣ ಇಲ್ಲ” ಎಂದು ಸಾರಲು ಮನೆಮನೆ ತಿರುಗಿದ್ದನ್ನು ನಾನು ಕಂಡಿಲ್ಲ. ನನ್ನ ಅಳಿಯನೋ, ಇಶಾಡು ಮರಕ್ಕೆ ಇನ್ನೂ ಹೂ ಬಿಡುವ ಜನವರಿಯಲ್ಲೇ “ಶೀಘ್ರದಲ್ಲಿ ನಿರೀಕ್ಷಿಸಿ” ಎಂದು ನಾಲ್ಕು ಪತ್ರ ಹಾಕಿದ ಮಹಾಶಯ.

“ಆದ್ರೆ ಮಾವ, ನೂರರಲ್ಲಿ ಅರವತ್ತು ಜನ ತೆರೆದು ನೋಡಿದಾರೆ, ಲೆಕ್ಕ ತೋರಿಸ್ತದೆ.”

ಆ ಲೆಕ್ಕ ನಂಬುವ ಕಾಲ ಹೋಯಿತು. 2021ರಿಂದ ಆಪಲ್ ಫೋನಿನ ಮೇಲ್ ತಾನೇ ಮುಂಚಿತವಾಗಿ ಚಿತ್ರಗಳನ್ನು ಇಳಿಸಿಕೊಳ್ಳುತ್ತದೆ. ಚಿತ್ರ ಇಳಿಯಿತೆಂದರೆ, ಓದುವವ ನಿದ್ದೆಯಲ್ಲಿದ್ದರೂ ಪತ್ರ ತೆರೆದಂತೆ ಲೆಕ್ಕಕ್ಕೆ ಬರುತ್ತದೆ. ಅಷ್ಟಕ್ಕೂ ಬುಟ್ಟಿಯ ಮೇಲಿನ ಎಲೆ ಎತ್ತಿ ನೋಡಿದವರನ್ನೆಲ್ಲ ಬಾಯಿ ಗಿರಾಕಿ ಎಂದು ಎಣಿಸುತ್ತಾಳೆಯೆ? ದುಡ್ಡು ಎಣಿಸುತ್ತಾಳೆ.

ಇನ್ನು ವಿಷಯದ ಸಾಲು. ಅಂಕೋಲೆಯ ಕರಿ ಇಶಾಡಿಗೆ 2023ರಲ್ಲಿ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಸಿಕ್ಕಿದ್ದು ನಮಗೆಲ್ಲ ಹೆಮ್ಮೆಯೇ. ಅದನ್ನೇ ಇವನು ಪ್ರತಿ ಪತ್ರದ ನೆತ್ತಿಗೆ ಕಟ್ಟಿದ್ದ. ಕರಿ ಇಶಾಡಿಗೂ ಬಿಳಿಯದಕ್ಕೂ ಇರುವ ವ್ಯತ್ಯಾಸ ಬೆಂಗಳೂರಿಗೆ ಹೋದ ಅಂಕೋಲೆಯವರಿಗೆ ಕಲಿಸಬೇಕೆ? ಕರಿ ಇಶಾಡು ತೆಳು ಸಿಪ್ಪೆಯ ಹಣ್ಣು, ಬಹಳ ದಿನ ತಡೆಯುವುದಿಲ್ಲ. ಅವರಿಗೆ ಬೇಕಾದದ್ದು ಯಾವ ರಾತ್ರಿ ಬಸ್ಸಿಗೆ ಹಾಕುತ್ತೀ, ಡಜನ್ನಿಗೆ ಎಷ್ಟು ಎಂಬುದು. “ಇಶಾಡು ಶುಕ್ರವಾರ ಬಸ್ಸಿಗೆ, ಒಟ್ಟು ನಲವತ್ತು ಡಜನ್” ಎಂದು ಬರೆಸಿದೆ. ಮೂರು ಆಶ್ಚರ್ಯಸೂಚಕ ಚಿಹ್ನೆ ತೆಗೆಸುವಷ್ಟರಲ್ಲಿ ನನಗೆ ಎರಡು ಚಹಾ ಬೇಕಾಯಿತು.

ತಂತ್ರಜ್ಞಾನದ ಕಡೆ ಅವನೇ ಹುಷಾರು, ಹೇಳಿದ್ದೇ ತಡ, ಮಾಡಿದ. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಬಾಗಿಲಲ್ಲಿ ಕಾವಲು ಬಿಗಿ, ಗುರುತು ಕೇಳುತ್ತಾರೆ. ಎಸ್‌ಪಿಎಫ್ ಅಂದರೆ ನನ್ನ ಹೆಸರಿನಲ್ಲಿ ಕಾಗದ ಒಯ್ಯಲು ಇಂಥವರಿಗೆ ಮಾತ್ರ ಹಕ್ಕು ಎಂಬ ಬರಹ. ಡಿಕೆಐಎಂ ಲಕೋಟೆಯ ಅರಗಿನ ಮುದ್ರೆ. ಇವೆರಡೂ ಸರಿ ಕಾಣದಿದ್ದರೆ ಆ ಕಾಗದವನ್ನು ಏನು ಮಾಡಬೇಕು ಎಂದು ಹೇಳುವುದು ಡಿಮಾರ್ಕ್. ಇದಕ್ಕೆಲ್ಲ ಸ್ವಂತ ಡೊಮೇನ್ ಬೇಕು. ಪುಕ್ಕಟೆ ಜಿಮೇಲ್ ವಿಳಾಸ ಹೊತ್ತು ಬೇರೆ ಸೇವೆಯ ಮೂಲಕ ರಾಶಿ ಪತ್ರ ತಳ್ಳಿದರೆ ಸ್ಪ್ಯಾಮಿನ ಗುಂಡಿಗೆ ಬಿದ್ದೀತು. ಸಾವಿರ ಪತ್ರಕ್ಕೆ ಮೂರು ಮಂದಿ “ಇದು ಸ್ಪ್ಯಾಮ್” ಎಂದು ಒತ್ತಿದರೂ ಜಿಮೇಲಿನ ಮುಖ ಕೆಡುತ್ತದೆ. ದಿನಕ್ಕೆ 5000 ಪತ್ರ ಕಳಿಸುವವರಂತೂ ಒಂದೇ ಒತ್ತಿಗೆ ಹೆಸರು ತೆಗೆಸಿಕೊಳ್ಳುವ ಗುಂಡಿ ಇಡಲೇಬೇಕು. ನಮ್ಮವನದು ಐನೂರೂ ದಾಟದು. ಆದರೂ ಇಡಿಸಿದೆ. ಬೇಡ ಅಂದವರಿಗೆ ಹೊರಗೆ ಹೋಗಲು ಬಾಗಿಲಿಲ್ಲದಿದ್ದರೆ ಅವರ ಕೈ ಸ್ಪ್ಯಾಮ್ ಗುಂಡಿಗೇ ಹೋಗುತ್ತದಲ್ಲ.

“ಎಲ್ಲರೂ ಅದನ್ನೇ ಒತ್ತಿದ್ರೆ?” ಎಂದು ಕೊರಗಿದ. “ನಿಜವಾಗಿ ಕೆಲಸ ಮಾಡ್ತದೋ ನೋಡುವಾ” ಎಂದು ನಾನೇ ನನ್ನ ಫೋನಿನಲ್ಲಿ ಒತ್ತಿದೆ. ಪರದೆ ಮೇಲೆ “ನಿಮ್ಮನ್ನು ಕಳೆದುಕೊಂಡಿದ್ದಕ್ಕೆ ಬೇಸರ” ಎಂದು ಬಂತು. ಇಬ್ಬರೂ ನಕ್ಕೆವು.

ಮೇ ಬಂತು. ಪುಣೆಯವರಿಗೆ ಪತ್ರ ಹೋಯಿತು, ಹುಬ್ಬಳ್ಳಿಯವರಿಗೆ ಹೋಯಿತು, ನಲವತ್ತು ಡಜನ್ ಎರಡೇ ದಿನದಲ್ಲಿ ಖಾಲಿಯಾಯಿತೆಂದು ಅಕ್ಕ ಹೇಳಿದಳು. ನನಗೆ ಸುದ್ದಿಯೇ ಇಲ್ಲ. ಫೋನ್ ಮಾಡಿದರೆ ಸ್ವರದಲ್ಲಿ ತುಂಬು ವಿನಯ: “ನಿಮ್ಮ ಹೆಸರು ಬೇಡ ಅಂದವರ ಪಟ್ಟೀಲಿ ಅದೆ ಮಾವ. ಕಳಿಸಿದ್ರೆ ನಿಯಮ ತಪ್ಪಿದ ಹಂಗೆ ಆಗ್ತದೆ.”

ಮರುದಿನ ಬಸ್ಸು ಹಿಡಿದು ಅಂಕೋಲೆಗೆ ಹೋದೆ. ಹೆದ್ದಾರಿ ಬದಿಯಲ್ಲಿ ಬುಟ್ಟಿ ಮುಂದಿಟ್ಟು ಕೂತ ಹಾಲಕ್ಕಿ ಅಜ್ಜಿಯಿಂದ ಎರಡು ಡಜನ್ ಕೊಂಡೆ. ನನ್ನ ಇ-ಮೇಲ್ ವಿಳಾಸವನ್ನು ಅವಳು ಕೇಳಲಿಲ್ಲ. ಹಣ್ಣು ನಾಳೆಗೋ ನಾಡಿದ್ದಿಗೋ ಎಂದಷ್ಟೇ ಕೇಳಿ, ಒಂದೊಂದನ್ನೂ ಒತ್ತಿ ನೋಡಿ ಆರಿಸಿಕೊಟ್ಟಳು.