ಲಿಪಿಕಾರ ಚಪಡರಿಗೆ, ಪರದೇಶದ ಭತ್ಯೆಯ ವಿಚಾರವಾಗಿ

ಇಸಿಲದ ಲಿಪಿಕಾರರಾದ ಮಹಾರಾಜಶ್ರೀ ಚಪಡ ಅವರ ಸನ್ನಿಧಾನಕ್ಕೆ,

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬುಡದಿಂದ ನೀವು ಕೆಲಸ ಮಾಡಿದ ಊರಿನವನೊಬ್ಬ ಮಾಡುವ ನಮಸ್ಕಾರಗಳು. ಇತ್ತ ನಾವು ಕ್ಷೇಮ. ನಿಮ್ಮ ಕ್ಷೇಮಕ್ಕೆ ಬರೆಯಿರಿ ಎನ್ನುವಂತಿಲ್ಲ, ಇಪ್ಪತ್ತೆರಡು ಶತಮಾನ ದಾಟಿದೆ. ಆದರೆ ಕ್ಷೇಮಸಮಾಚಾರದಿಂದಲೇ ಶುರು ಮಾಡುವ ಪದ್ಧತಿ ನಿಮ್ಮದೇ. ಅಕ್ಷರಗುಂಡೆಂಬ ಬಂಡೆಯ ಮೇಲೆ ಅಶೋಕನ ಶಾಸನವೆಂದು ನೀವು ಬರೆದದ್ದಾದರೂ ಏನು? ಸುವರ್ಣಗಿರಿಯಲ್ಲಿರುವ ಆರ್ಯಪುತ್ರನೆಂಬ ರಾಜಕುಮಾರನೂ ಮಹಾಮಾತ್ರರೆಂಬ ಅಧಿಕಾರಿಗಳೂ ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸುತ್ತಾರೆ, ಆಮೇಲೆ ಕೆಲಸ ಹೇಳುತ್ತಾರೆ. ಹೆಡ್ ಆಫೀಸಿನಿಂದ ಬ್ರಾಂಚಿಗೆ ಬರುವ ಪತ್ರ ಇವತ್ತಿಗೂ ಹೀಗೇ ಇರುತ್ತದೆ. ಆರೋಗ್ಯ ಕೇಳಿದರು ಎಂದರೆ ಸಂಬಳ ಹೆಚ್ಚಿಸುವುದಿಲ್ಲ ಎಂದರ್ಥ.

ನಿಮಗೇ ಯಾಕೆ ಬರೆಯುತ್ತಿದ್ದೇನೆಂದರೆ, ಶಾಸನವನ್ನೆಲ್ಲ ಬ್ರಾಹ್ಮಿಯಲ್ಲಿ ಬರೆದು ಮುಗಿಸಿ, ಕೊನೆಗೆ ನಿಮ್ಮ ಹುದ್ದೆಯನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ, ಬರೆದಿದ್ದೀರಿ. ಆ ಲಿಪಿ ಗಾಂಧಾರದ ಕಡೆಯದು. 1892ರಲ್ಲಿ ಬಿ.ಎಲ್. ರೈಸ್ ಸಾಹೇಬರು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳನ್ನು ಬೆಳಕಿಗೆ ತಂದ ಮೇಲೆ, ವಿದ್ವಾಂಸರು ನಿಮ್ಮನ್ನು ವಾಯವ್ಯದಿಂದ ಬಂದವರೆಂದೇ ಊಹಿಸಿದ್ದಾರೆ. ಅಂದರೆ ಈ ಸೀಮೆಗೆ ವರ್ಗವಾಗಿ ಬಂದವರಲ್ಲಿ, ನಾನು ಹೆಸರು ಬಲ್ಲ ಮೊದಲ ಪರದೇಶಿ ನೌಕರರು ನೀವು. ಯಾರೂ ಓದಲಾಗದ ಲಿಪಿಯಲ್ಲಿ ರುಜು ಹಾಕುವ ಆ ಹುರುಪು ಪರದೇಶದಲ್ಲಿರುವವರಿಗೇ ಬರುವಂಥದ್ದು. ನನ್ನ ಮಗನೂ ಜ್ಯೂರಿಕ್‌ನ ಮನೆಯ ಟಪಾಲು ಡಬ್ಬಿಯ ಮೇಲೆ ಹೆಸರನ್ನು ಕನ್ನಡದಲ್ಲೂ ಬರೆದಿದ್ದಾನೆ. ಪೋಸ್ಟ್‌ಮನ್ ಒಮ್ಮೆಯೂ ಓದಿಲ್ಲ.

ವಿಷಯಕ್ಕೆ ಬರುತ್ತೇನೆ. ನಿಮಗೆ ಭತ್ಯೆ ಎಷ್ಟು ಸಿಗುತ್ತಿತ್ತು?

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ (1909ರಲ್ಲಿ ನಮ್ಮ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಅಚ್ಚು ಹಾಕಿಸಿದ್ದು; ಅದು ನಿಮ್ಮ ಕಾಲದ್ದು ಹೌದೋ ಅಲ್ಲವೋ ಎಂಬ ಜಗಳ ಪಂಡಿತರಿಗಿರಲಿ) ದೊಡ್ಡವರಿಗೆ 48,000 ಪಣ, ಲೆಕ್ಕಿಗ-ಬರಹಗಾರರಿಗೆ 500 ಪಣ. ಇದಕ್ಕಿಂತ ರುಚಿಯಾದ ಸಂಗತಿ ದೂತರ ಪ್ರಯಾಣಭತ್ಯೆ: ಯೋಜನಕ್ಕೆ ಹತ್ತು ಪಣ, ಹತ್ತು ಯೋಜನ ದಾಟಿದರೆ ದುಪ್ಪಟ್ಟು, ನೂರು ಯೋಜನದವರೆಗೆ. ಅಲ್ಲಿಗೆ ನಿಯಮ ಮುಗಿಯಿತು. ಯೋಜನಕ್ಕೆ ಹದಿಮೂರು-ಹದಿನಾಲ್ಕು ಕಿಲೋಮೀಟರ್ ಎಂದಿಟ್ಟುಕೊಂಡರೂ ತಕ್ಷಶಿಲೆಯಿಂದ ಸಿದ್ದಾಪುರಕ್ಕೆ ನೂರೈವತ್ತು ಯೋಜನವಾದೀತು. ಮಿಕ್ಕ ಐವತ್ತಕ್ಕೆ ಯಾರು ಕೊಟ್ಟರು ಸ್ವಾಮಿ? ಸರ್ಕ್ಯುಲರ್‌ನಲ್ಲಿ ಇಲ್ಲ ಎಂದು ಅಕೌಂಟ್ಸಿನವರು ಕೈಯಲ್ಲಾಡಿಸಿರಬೇಕು.

ಈಗಿನ ಆರ್ಯಪುತ್ರರು ಇಂಥ ಲೆಕ್ಕಕ್ಕೆ ಮರ್ಸರ್ ಎಂಬ ಸಂಸ್ಥೆಯನ್ನು ಕೇಳುತ್ತಾರೆ. ಪರದೇಶಕ್ಕೆ ಕಳಿಸಿದ ನೌಕರನ ಮನೆಬಾಡಿಗೆ, ಊಟ, ಬಟ್ಟೆ ಎಂದು 200ಕ್ಕೂ ಹೆಚ್ಚು ಬಾಬುಗಳನ್ನು ತೂಗಿ ಅದು ದುಬಾರಿ ಊರುಗಳ ಪಟ್ಟಿ ಮಾಡುತ್ತದೆ. 2024ರ ಪಟ್ಟಿಯಲ್ಲಿ ಹಾಂಗ್‌ಕಾಂಗ್ ಮೊದಲು, ಸಿಂಗಪುರ ಎರಡು, ಜ್ಯೂರಿಕ್ ಮೂರು, ಅದರ ಬೆನ್ನಿಗೇ ಜಿನೀವಾ, ಬಾಸೆಲ್, ಬರ್ನ್. ಮೊಳಕಾಲ್ಮೂರು ಆ ಪಟ್ಟಿಯಲ್ಲಿಲ್ಲ. ನಮ್ಮ ದುಬಾರಿಯನ್ನು ಅಳೆಯಲು ಯಾರೂ ಬಂದಿಲ್ಲ. ಪಟ್ಟಿ ನೋಡಿ ಭತ್ಯೆ ಕೊಡುತ್ತಾರೆಂದು ತಿಳಿದಿರಾ? ಮಗನ ಕಂಪನಿ ಪಟ್ಟಿಯನ್ನು ಗೌರವದಿಂದ ಓದಿತು. ಓದಿ, ಇನ್ನು ಮೇಲೆ ನೀನು ಪರದೇಶಿಯಲ್ಲ, ಅಲ್ಲಿಯವನೇ ಎಂದು ಲೋಕಲ್ ಕಾಂಟ್ರ್ಯಾಕ್ಟ್ ಕೈಗಿತ್ತಿತು. ಬಾಡಿಗೆ ಭತ್ಯೆ ಹೋಯಿತು, ವರ್ಷಕ್ಕೊಮ್ಮೆ ಊರಿಗೆ ಬರುವ ಟಿಕೆಟ್ಟೂ ಹೋಯಿತು. ಪೌರತ್ವ ಕೊಡುವುದಕ್ಕೆ ಸರ್ಕಾರ ವರ್ಷಗಟ್ಟಲೆ ಕಾಯಿಸುತ್ತದೆ, ಕಂಪನಿ ಒಂದೇ ಈಮೇಲಿನಲ್ಲಿ ಕೊಡುತ್ತದೆ.

ಅಲ್ಲಿಯವನಾಗುವುದಕ್ಕೆ ಏನೇನು ತೆರಬೇಕು ಕೇಳಿ. ಮನೆಗೆ ಮೂರು ತಿಂಗಳ ಬಾಡಿಗೆಯವರೆಗೆ ಠೇವಣಿ. ಟಿವಿ ಇರಲಿ ಬಿಡಲಿ, ವರ್ಷಕ್ಕೆ 335 ಫ್ರಾಂಕ್ ರೇಡಿಯೋ-ಟಿವಿ ಶುಲ್ಕ. ಆರೋಗ್ಯವಿಮೆ ತಲೆಗೊಂದು, ಮೊನ್ನೆ ಹುಟ್ಟಿದ ಕೂಸಿಗೂ. ಕಂತು ಕಡಿಮೆಯಾಗಲಿ ಎಂದರೆ ದೊಡ್ಡವರು ವರ್ಷದ ಮೊದಲ 2,500 ಫ್ರಾಂಕ್ ಚಿಕಿತ್ಸೆಯನ್ನು ಕೈಯಿಂದಲೇ ಕೊಡುತ್ತೇವೆಂದು ಒಪ್ಪಬೇಕು. ಹಾಗಾಗಿ ಮಗನಿಗೆ ಜ್ವರ ಬಂದರೆ ವಿಮೆಯೂ ಇರುತ್ತದೆ, ಶುಂಠಿ ಕಷಾಯವೂ ಇರುತ್ತದೆ, ಕುಡಿಯುವುದು ಕಷಾಯ. ಕಸ ಹಾಕಲು ನಗರಸಭೆಯದೇ ಚೀಲ ಕೊಳ್ಳಬೇಕು, ಅದರ ಬೆಲೆಯಲ್ಲೇ ಕಸದ ತೆರಿಗೆ ಸೇರಿದೆ. ಬೇರೆ ಚೀಲದಲ್ಲಿ ಕದ್ದು ಹಾಕಿದರೆ ಒಳಗಿನ ಲಕೋಟೆಯ ವಿಳಾಸ ಹುಡುಕಿ ದಂಡ ಹಾಕುತ್ತಾರಂತೆ. ಸೊಸೆ ಆ ಚೀಲವನ್ನು ಕಾಲಲ್ಲಿ ತುಳಿದು ತುಳಿದು ತುಂಬುವುದನ್ನು ವಿಡಿಯೋ ಕಾಲ್‌ನಲ್ಲಿ ನೋಡಿದೆ. ಚಳ್ಳಕೆರೆ ಮಂಡಿಯಲ್ಲಿ ಶೇಂಗಾ ಮೂಟೆ ತುಂಬುವ ಹಮಾಲರೂ ಅಷ್ಟು ಒತ್ತಿ ತುಂಬುವುದಿಲ್ಲ.

ಶನಿವಾರ ಬಂತೆಂದರೆ ಮಗ, ಸೊಸೆ, ಮೊಮ್ಮಗ ಮೂವರೂ ರೈಲು ಹತ್ತಿ ಗಡಿಯಾಚೆ ಜರ್ಮನಿಯ ಕಾನ್‌ಸ್ಟಾಂಜ್‌ಗೆ ಹೋಗುತ್ತಾರೆ, ಅಕ್ಕಿ ಬೇಳೆ ಡಯಾಪರ್ ಅಗ್ಗವೆಂದು. ನಮ್ಮ ಬಂಕುಗಳಿಗೂ ಆಂಧ್ರದ ಕಡೆಯವರು ಪೆಟ್ರೋಲಿಗೆ ಬರುವುದುಂಟು, ಆದರೆ ಅವರನ್ನು ನಾವು ಎನ್ನಾರೈ ಎಂದು ಸನ್ಮಾನ ಮಾಡುವುದಿಲ್ಲ. ತೆರಿಗೆಯಿಲ್ಲದೆ ತರಬಹುದಾದ ಸಾಮಾನಿನ ಮಿತಿ ತಲೆಗೆ 300 ಫ್ರಾಂಕ್ ಇತ್ತು, 2025ರ ಜನವರಿಯಿಂದ 150ಕ್ಕೆ ಇಳಿಸಿದರು. ಮಾಂಸ ತಲೆಗೆ ಒಂದೇ ಕಿಲೋ. ಮೊಮ್ಮಗನದೂ ಒಂದು ತಲೆ. ಇನ್ನೂ ಹಲ್ಲು ಬಾರದ ಅವನು ಮನೆಯಲ್ಲಿ ಸಂಪಾದನೆ ಶುರು ಮಾಡಿದ್ದು ಹೀಗೆ.

ಇಷ್ಟೆಲ್ಲ ಇಲ್ಲಿ ಯಾರಿಗೆ ಗೊತ್ತು? ಊರಿನವರು ಮಗನ ಸಂಬಳವನ್ನು ಮಾತ್ರ ನೂರರಿಂದ ಗುಣಿಸುತ್ತಾರೆ. ಬಾಡಿಗೆಯನ್ನು ಅವನೊಬ್ಬನೇ ಕಳೆಯುತ್ತಾನೆ. ಗುಡಿಯ ಜೀರ್ಣೋದ್ಧಾರಕ್ಕೆ ರಸೀದಿ ಪುಸ್ತಕ ಹಿಡಿದು ಬಂದವರು ಎಲ್ಲರ ಮನೆಯಲ್ಲಿ ಸಾವಿರ ಬರೆದು ನಮ್ಮ ಮನೆಯಲ್ಲಿ ಪೆನ್ನು ಎತ್ತಿ ಕಾಯುತ್ತಾರೆ. "ಅಪ್ಪಾ, ಇಲ್ಲಿ ಕಟಿಂಗ್ ಮಾಡಿಸಿದರೆ ನಾಲ್ಕೈದು ಸಾವಿರ" ಎಂದು ಮಗ ಅಂದರೆ, ಪಕ್ಕದಲ್ಲಿ ಕೂತವರಿಗೆ ಕೇಳಿಸುವುದು ಕಷ್ಟವಲ್ಲ, ಜಂಬ.

ಇನ್ನು ನಿಮ್ಮ ಬಂಡೆಯ ಉಪದೇಶ. ತಂದೆತಾಯಿಗಳ ಮಾತು ಕೇಳಬೇಕು, ಸೇವೆ ಮಾಡಬೇಕು ಎಂದು ಚಕ್ರವರ್ತಿಯ ಹೆಸರಿನಲ್ಲಿ ಬರೆದಿದ್ದೀರಿ. ಜ್ಯೂರಿಕ್‌ನಲ್ಲಿ ಮಗುವನ್ನು ಶಿಶುಪಾಲನಾ ಕೇಂದ್ರದಲ್ಲಿ ಬಿಡಲು, ಸರ್ಕಾರದ ಸಹಾಯವಿಲ್ಲದಿದ್ದರೆ, ದಿನಕ್ಕೆ 120 ಫ್ರಾಂಕ್ ಮುಟ್ಟುವುದುಂಟು. ಷೆಂಗೆನ್ ವೀಸಾದಲ್ಲಿ ಬಂದ ಅಜ್ಜಿಯೊಬ್ಬಳು 180 ದಿನಗಳಲ್ಲಿ 90 ದಿನ ಇರಬಹುದು. ರಜೆ ಕಳೆದು ಕೆಲಸದ ದಿನ ಅರವತ್ತು ಎಂದರೂ 7,200 ಫ್ರಾಂಕ್ ಉಳಿತಾಯ, ವಿಮಾನದ ಟಿಕೆಟ್ ಎಷ್ಟರ ಮಾತು! ಹೀಗೆ ನಮ್ಮ ಮನೆಯಾಕೆಯನ್ನು ಬಲು ಪ್ರೀತಿಯಿಂದ ಕರೆಸಿಕೊಂಡರು. ಅವಳು ಚೀಲಕ್ಕೆ ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿ ತುಂಬಿದಳು. ತುಪ್ಪದ ಡಬ್ಬಿ ಮಾತ್ರ ಹೊರಗುಳಿಯಿತು, ಹಾಲಿನ ಪದಾರ್ಥಕ್ಕೆ ಆ ದೇಶ ನಮ್ಮ ಕಡೆಯಿಂದ ಪ್ರವೇಶ ಕೊಡುವುದಿಲ್ಲ. ಅಜ್ಜಿಗೆ ಕೊಡುತ್ತದೆ. ನಾನು ಮೂರು ತಿಂಗಳು ಮುದ್ದೆ ತಿರುವಿಕೊಂಡು, ಸಂಜೆ ಅಕ್ಷರಗುಂಡಿನ ಹತ್ತಿರ ಹೋಗಿ ಕೂತು, ಸೇವೆ ಯಾರು ಯಾರಿಗೆ ಮಾಡಬೇಕೆಂದು ಬರೆದಿದ್ದೀರೋ ಸರಿಯಾಗಿ ಇನ್ನೊಮ್ಮೆ ನೋಡೋಣವೆಂದು ಯೋಚಿಸುತ್ತಿದ್ದೆ. ಬ್ರಾಹ್ಮಿ ನನಗೆ ಬಾರದು, ಆ ಧೈರ್ಯದಿಂದಲೇ ಮಗ ಬದುಕಿದ್ದಾನೆ.

ಆದ್ದರಿಂದ ಅರಿಕೆ ಇಷ್ಟೆ. ಅದೇ ಶಾಸನದಲ್ಲಿ 256 ಎಂಬ ಅಂಕಿ ಇದೆ. ಪ್ರವಾಸದಲ್ಲಿ ಕಳೆದ ರಾತ್ರಿಗಳು ಎಂದು ಅನೇಕ ವಿದ್ವಾಂಸರು ಓದುತ್ತಾರೆ. ನೌಕರಿ ಮಾಡಿದವರು ಯಾರೇ ನೋಡಿದರೂ ಅದು ಡಿಎ ಕ್ಲೇಮು ಎಂದು ಹೇಳುತ್ತಾರೆ. ಧರ್ಮಪ್ರಸಾರದ ಮಧ್ಯೆ ರಾತ್ರಿಗಳ ಲೆಕ್ಕವನ್ನು ಕಲ್ಲಿಗೇ ಏರಿಸಿದ ಜಾಣ್ಮೆ ಯಾರದೋ, ಅವರಿಗೆ ದೊಡ್ಡ ನಮಸ್ಕಾರ. ವೋಚರ್ ಕಳೆದುಹೋಯಿತು ಎನ್ನುವಂತಿಲ್ಲ. ಬಿಲ್ಲು ಪಾಸಾಗಿದ್ದರೆ ಮಂಜೂರಾತಿ ಆದೇಶದ ಒಂದು ಪ್ರತಿ ಕಳಿಸಿಕೊಡಿ. ಪೂರ್ವನಿದರ್ಶನ ಬೇಕೆಂದು ಮಗನ ಎಚ್‌ಆರ್‌ನವರು ಕೇಳುತ್ತಿದ್ದಾರೆ.

ಇತಿ ತಮ್ಮ ವಿಧೇಯ,
ಸಿದ್ದಾಪುರದ ಕಡೆಯ ಒಬ್ಬ ತಂದೆ

ತಾ.ಕ.: ಮನೆಯಾಕೆ ವಾಪಸು ಬಂದಿದ್ದಾಳೆ. ಮೊಳಕಾಲ್ಮೂರಿನಲ್ಲಿ ನೇಕಾರರ ಮನೆಗೆ ಹೋಗಿ ರೇಷ್ಮೆ ಸೀರೆ ಬಿಚ್ಚಿಸಿ, ಹತ್ತು ಸಾವಿರ ಎಂದಾಗ, "ಅಯ್ಯೋ, ಬರೀ ನೂರು ಫ್ರಾಂಕ್!" ಅಂದಳು. ಮಗ್ಗದಲ್ಲಿ ಕೂತಿದ್ದವನು ತಲೆಯೆತ್ತದೆ, "ಅಷ್ಟು ಅಗ್ಗ ಅನ್ನಿಸಿದ್ರೆ ಇನ್ನೊಂದೈನೂರು ಸೇರ್ಸಿ ಕೊಡಕ್ಕಾ" ಅಂದ. ಅವಳಿಗೆ ಕೂಡಲೇ ರೂಪಾಯಿ ನೆನಪಾಯಿತು. ಮುನ್ನೂರು ಇಳಿಸಿಕೊಂಡೇ ಎದ್ದಳು.