ಲ್ಯಾಟೆ, ಗಾಲ್ಫ್ ಮತ್ತು ಚೀನೀ ಮ್ಯಾನೇಜರನ ಅಂತಃಕರಣ: ಒಂದು ಶಾಸ್ತ್ರೀಯ ವಿವೇಚನೆ

ಚೀನಾದ ಮ್ಯಾನೇಜರು ಲ್ಯಾಟೆ ಕುಡಿದರೆ ಅವನ ಮೌಲ್ಯಗಳಿಗೆ ಏನಾಗುತ್ತದೆ? ಇದೇ ಪ್ರಸ್ತುತ ಪ್ರಬಂಧದ ಜಿಜ್ಞಾಸೆ. ಪ್ರಬಂಧಕಾರ ಚೀನಾಕ್ಕೆ ಹೋಗಿಲ್ಲ. ಹೋದರೆ ಅಲ್ಲಿನ ಮನುಷ್ಯರ ಪರಿಚಯವಾಗಿ ವಸ್ತುನಿಷ್ಠತೆ ಕೆಡುವ ಅಪಾಯವಿತ್ತು.

ಪೂರ್ವಪಕ್ಷ ಹೀಗಿದೆ. 1987ರ ನವೆಂಬರಿನಲ್ಲಿ ಬೀಜಿಂಗಿನಲ್ಲಿ ಕೆಎಫ್‌ಸಿ ಬಾಗಿಲು ತೆರೆಯಿತು, 1999ರಲ್ಲಿ ಸ್ಟಾರ್‌ಬಕ್ಸ್ ಬಂತು. ಹೊಟ್ಟೆಗಿಳಿದ ಪಶ್ಚಿಮ ಕ್ರಮೇಣ ತಲೆಗೇರಲೇಬೇಕು. ಆದ್ದರಿಂದ ಕೋಳಿಕಾಲು ಕಡಿದವನು ಕಾಲಾಂತರದಲ್ಲಿ ವ್ಯಕ್ತಿವಾದಿಯಾಗುತ್ತಾನೆ. ಅದೇ 1987ರಲ್ಲಿ, ಹಾಂಗ್‌ಕಾಂಗಿನಲ್ಲಿದ್ದ ಕೆನಡಾ ಮೂಲದ ಮನಶ್ಶಾಸ್ತ್ರಜ್ಞ ಮೈಕಲ್ ಬಾಂಡ್ ಮತ್ತು ಸಂಗಡಿಗರು 40 ಚೀನೀ ಮೌಲ್ಯಗಳ ಪಟ್ಟಿ ಹಿಡಿದು 22 ದೇಶಗಳ ವಿದ್ಯಾರ್ಥಿಗಳನ್ನು ವಿಚಾರಿಸಿದ ಅಧ್ಯಯನ ಪ್ರಕಟವಾಯಿತು. ಕೋಳಿಯೂ ಮೌಲ್ಯವೂ ಒಂದೇ ವರ್ಷ ಬಂದದ್ದು ಕಾಕತಾಳೀಯ ಎನ್ನುವವರು ಅಲ್ಪಜ್ಞರು.

ಸಿದ್ಧಾಂತಿ ಇದನ್ನು ಒಪ್ಪುವುದಿಲ್ಲ. ಅವನಿಗೆ ಗಾಲ್ಫ್ ಮೈದಾನವೇ ಪ್ರಮಾಣ. ಪಶ್ಚಿಮದವನು ಆಟದ ನಡುವೆ ವ್ಯವಹಾರ ಮಾತಾಡುತ್ತಾನೆ. ಚೀನೀ ಮ್ಯಾನೇಜರಿಗೆ ‘ಗುವಾನ್‌ಶಿ’, ಅಂದರೆ ಸಮಯಕ್ಕೊದಗುವ ನಂಟು, ಮುಖ್ಯ. ಅವನು ನಂಟು ಬೆಳೆಸುತ್ತ ನಡುನಡುವೆ ಚೆಂಡನ್ನೂ ಹೊಡೆಯುತ್ತಾನೆ. ಮೇಲಧಿಕಾರಿ ಎದುರಿಗಿದ್ದಾಗ ಗುರಿ ತಪ್ಪಲು ವಿಶೇಷ ತಾಲೀಮು ಬೇಕು. 2015ರಲ್ಲಿ ಕಮ್ಯುನಿಸ್ಟ್ ಪಕ್ಷ ತನ್ನ ಶಿಸ್ತು ನಿಯಮಗಳಲ್ಲಿ, ಅಕ್ರಮವಾಗಿ ಪಡೆಯಬಾರದವುಗಳ ಸಾಲಿನಲ್ಲಿ, ಗಾಲ್ಫ್ ಕ್ಲಬ್ಬಿನ ಕಾರ್ಡುಗಳನ್ನೂ ಹೆಸರಿಸಿತು. ಸದಸ್ಯರು ಕಂಗಾಲು. ಮರುವರ್ಷ ಪಕ್ಷದ ಶಿಸ್ತು ಸಮಿತಿಯ ಪತ್ರಿಕೆಯೇ, ಆಟದಲ್ಲಿ ದೋಷವಿಲ್ಲ ಎಂದು ಸಮಾಧಾನ ಹೇಳಿತು. ದೋಷ ಬಿಲ್ಲು ಯಾರು ಕಟ್ಟಿದರು ಎಂಬುದರಲ್ಲಿದೆ ಎಂಬುದು ನಮ್ಮ ಭಾಷ್ಯ.

ಇನ್ನು ದ್ರಾಕ್ಷಾರಸ. ಲಫೀತ್ ಎಂಬ ಫ್ರೆಂಚ್ ವೈನಿನ 2008ರ ಬಾಟಲಿಯ ಗಾಜಿನ ಮೇಲೆ ಫ್ರೆಂಚರು ಚೀನೀ ಲಿಪಿಯ 8ನ್ನು ಮೂಡಿಸಿದರು. ಚೀನೀಯರಿಗೆ 8 ಅದೃಷ್ಟದ ಅಂಕಿ; ಬೆಲೆ ಜಿಗಿಯಿತು. ಇಲ್ಲಿ ಮೌಲ್ಯ ಬದಲಾದದ್ದು ಕುಡಿದವನದೋ ಮಾರಿದವನದೋ ಎಂಬ ಶಂಕೆಗೆ ಈ ಪ್ರಬಂಧದಲ್ಲಿ ಜಾಗವಿಲ್ಲ. ಪೂರ್ವ–ಪಶ್ಚಿಮ ಸಮನ್ವಯ ನೋಡಬೇಕಾದವರು ಶಾಂಘೈನ ಕೆಲವು ಕಟ್ಟಡಗಳ ಲಿಫ್ಟ್ ಹತ್ತಬೇಕು: ಚೀನೀಯರಿಗೆ ಆಗದ 4 ಮತ್ತು 14, ಪಾಶ್ಚಾತ್ಯರಿಗೆ ಆಗದ 13, ಮೂರೂ ಮಹಡಿಗಳು ಮಾಯ.

4ರ ಈ ಭಯದಿಂದ ಸಂಶೋಧಕನಿಗೂ ಫಜೀತಿ. ‘ಪೂರ್ತಿ ಒಪ್ಪುತ್ತೇನೆ’ಯಿಂದ ‘ಸುತರಾಂ ಒಪ್ಪುವುದಿಲ್ಲ’ದವರೆಗೆ ಏಳು ಮನೆಗಳ ಪ್ರಶ್ನಾವಳಿಯಲ್ಲಿ ಮಧ್ಯಮ ಮಾರ್ಗ ಬೀಳುವುದು 4ರಲ್ಲಿ. ಯಾರಿಗೂ ಮುಖಭಂಗವಾಗದಂತೆ ನಡುಮನೆಗೆ ಗುರುತು ಹಾಕಬೇಕೆಂದು ಸಂಸ್ಕಾರ ಹೇಳುತ್ತದೆ, ಅಂಕಿಯೋ ಅಮಂಗಳ. ಉತ್ತರಿಸುವವನ ಈ ಧರ್ಮಸಂಕಟವನ್ನು ಯಾವ ಸಂಖ್ಯಾಶಾಸ್ತ್ರವೂ ಲೆಕ್ಕಕ್ಕೆ ಹಿಡಿದಂತಿಲ್ಲ.

ದುಡಿಮೆಯ ವಿಷಯ ಹೇಳಿ ಮುಗಿಸಬಹುದು. ಬೆಳಗ್ಗೆ 9ರಿಂದ ರಾತ್ರಿ 9, ವಾರಕ್ಕೆ 6 ದಿನ: ಈ ‘996’ ಪದ್ಧತಿಯನ್ನು 2019ರಲ್ಲಿ ಚೀನೀ ಉದ್ಯಮಿ ಜಾಕ್ ಮಾ ಭಾಗ್ಯವೆಂದು ಕೊಂಡಾಡಿದರು, 2021ರಲ್ಲಿ ಚೀನಾದ ಸರ್ವೋಚ್ಚ ನ್ಯಾಯಾಲಯ ಕಾನೂನುಬಾಹಿರ ಎಂದಿತು. ರಾತ್ರಿ ಒಂಬತ್ತಕ್ಕೆ ಆಫೀಸು ಬಿಟ್ಟವನಿಗೆ ಪಾಶ್ಚಾತ್ಯವೋ ಪೌರ್ವಾತ್ಯವೋ ಯಾವ ಜೀವನಶೈಲಿಗೂ ಪುರಸೊತ್ತು ಎಲ್ಲಿಂದ ಬರಬೇಕೆಂದು ಪೂರ್ವಪಕ್ಷಿ ವಿವರಿಸಿಲ್ಲ.

ಕೊನೆಯದಾಗಿ ಒಂದು ತೊಡಕು. 2023ರ ಸೆಪ್ಟೆಂಬರ್ 4ರಂದು (ಹೌದು, 4ರಂದೇ) ಲಕಿನ್ ಕಾಫಿ ಕಂಪನಿ ಲ್ಯಾಟೆಗೆ ಮಾವೊಥಾಯ್ ಎಂಬ ಪ್ರಖ್ಯಾತ ಚೀನೀ ಮದ್ಯ ಬೆರೆಸಿ ಮಾರಿತು. ಮೊದಲ ದಿನವೇ 54 ಲಕ್ಷ ಕಪ್ ಖರ್ಚಾದವು. ನಮ್ಮ ಕೋಷ್ಟಕದಲ್ಲಿರುವುದು ‘ಪಾಶ್ಚಾತ್ಯ’, ‘ಪೌರ್ವಾತ್ಯ’ ಎಂಬ ಎರಡೇ ಕಂಬಸಾಲು. ಆದಕಾರಣ ಆ 54 ಲಕ್ಷ ಕಪ್ಪುಗಳನ್ನು ಅಪವಾದವೆಂದು ಪರಿಗಣಿಸಿ ಅಧ್ಯಯನದಿಂದ ಕೈಬಿಡಲಾಗಿದೆ.