ಬೋರ್‌ವೆಲ್ ಮೇಲೊಂದು ತುಳಸಿಕಟ್ಟೆ

ಶಿರಾ ದಾಟಿ ಹಿರಿಯೂರಿನ ಕಡೆ ಬರುವಾಗ ಹೆದ್ದಾರಿಯಲ್ಲೇ ಸಿಗುವ ಜವನಗೊಂಡನಹಳ್ಳಿಯಲ್ಲಿ ಈಗ ತಾರಸಿ ಮನೆಗಳಿಗೆ ಬರವಿಲ್ಲ. ಬರ ಇರುವುದು ನೀರಿಗೆ. ಇದೇ ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರ ಕಟ್ಟಿ ಮುಗಿದದ್ದು 1907ರಲ್ಲಿ. ಅದು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 2022 ಬರಬೇಕಾಯಿತು. ಇಂಥ ಸೀಮೆಯಲ್ಲಿ ನೂರಾರು ಅಡಿ ಆಳದಿಂದ ನೀರೆತ್ತುವ ಮೋಟಾರಿಗಿಂತ ದೊಡ್ಡ ಮನೆದೇವರಿಲ್ಲ. ಆದರೂ ಹೊಸ ಮನೆಯಲ್ಲಿ ಟಿ.ವಿ.ಗೆ ಗೋಡೆ ತುಂಬ ಪ್ಲೈವುಡ್ ಮಂಟಪ. ಬೋರು, ಸ್ಟಾರ್ಟರು, ಸಂಪು, ವಾಲ್ವು, ಮೀಟರುಗಳಿಗೆ ಅಜ್ಞಾತವಾಸ.

ಕಾರಣ ಕೇಳಿದರೆ ಎಲ್ಲರದೂ ಒಂದೇ ಉತ್ತರ: "ನೋಡೋಕೆ ಅಸಹ್ಯ ಕಣಣ್ಣ."

ಹೊಸ ಮನೆಯ ಯಜಮಾನರೊಬ್ಬರನ್ನು ಕಲ್ಪಿಸಿಕೊಳ್ಳಿ. ಹೆಸರು ಬೇಡ, ಪ್ರತಿ ಬೀದಿಯಲ್ಲೂ ಒಬ್ಬರಿದ್ದಾರೆ. ಮೋಟಾರು ಸುಟ್ಟಿದೆ. ಮೆಕ್ಯಾನಿಕ್ ಚೈನ್ ಪುಲ್ಲಿ ಹೊತ್ತು ಬಂದಿದ್ದಾನೆ.

"ಬೋರು ಎಲ್ಲೈತೆ ಯಜಮಾನ್ರೇ?"

"ನೀನು ನಿಂತಿದ್ದೀಯಲ್ಲ, ಆ ಗ್ರಾನೈಟ್ ಕೆಳಗೆ."

"ಒಂದೊಂದು ಪೈಪೂ ಇಪ್ಪತ್ತು ಅಡಿ ಐತೆ. ನಿಮ್ಮ ಪೋರ್ಟಿಕೊ ಮೋಲ್ಡು ಹತ್ತೇ ಅಡಿ. ಎತ್ತೋದು ಹೆಂಗೆ?"

"ನಾನೇನು ದಡ್ಡನಾ? ಅದಕ್ಕೇ ಮೋಲ್ಡಲ್ಲಿ ತೂತು ಬಿಡಿಸಿದೀನಿ."

"ಎಲ್ಲೂ ಕಾಣಲ್ವಲ್ಲ?"

"ಕೆಳಗಿಂದ ಪಿಒಪಿ ಹೊಡ್ಸಿದೀವಿ. ಮೇಲೆ ನಮ್ಮನೇವ್ರು ತುಳಸಿಕಟ್ಟೆ ಕಟ್ಟಿಸವ್ರೆ."

ತುಳಸಿಕಟ್ಟೆ ಒಡೆಯಲು ಒಳ್ಳೆ ದಿನ ನೋಡಬೇಕು. ಅಲ್ಲಿಯವರೆಗೆ ಟ್ಯಾಂಕರ್ ನೀರು. ಟ್ಯಾಂಕರ್ ಬಂದರೆ ಸಂಪಿನ ಮುಚ್ಚಳ ಹುಡುಕಬೇಕು. ಅದನ್ನೂ ಅಂಗಳದ ಟೈಲ್ಸಿನ ಜೊತೆ ಬೆಸೆದಿದ್ದಾರೆ, ಗೆರೆ ಸಹ ಗೊತ್ತಾಗದ ಹಾಗೆ. ಆ ಕೆಲಸ ಮಾಡಿದ ಮೇಸ್ತ್ರಿಗೆ ಗೃಹಪ್ರವೇಶದ ದಿನ ಪಂಚೆ, ಶಲ್ಯ ಕೊಟ್ಟು ಸನ್ಮಾನ ಮಾಡಿದ್ದರು. ಇವತ್ತು ಅದೇ ಮೇಸ್ತ್ರಿಗೆ ಫೋನು: "ಬಾರಪ್ಪ, ಎಲ್ಲಿಟ್ಟಿದ್ದೆ ಅಂತ ತೋರಿಸಿ ಹೋಗು."

ಕರೆಂಟ್ ಮೀಟರಿನದು ಇನ್ನೊಂದು ಪುರಾಣ. ರೀಡಿಂಗಿಗೆ ಬರುವವರ ಕೈಗೆ ಸುಲಭವಾಗಿ ಸಿಗುವಂತಿರಬೇಕು ಎಂಬುದು ನಿಯಮ. ನಾವೂ ಪಾಲಿಸಿದ್ದೇವೆ: ಅದರ ಮುಂದೆ ಬರೇ ಒಂದು ಮರದ ಬಾಗಿಲು, ಬಾಗಿಲಿನ ಮುಂದೆ ಬರೇ ಒಂದು ಚಪ್ಪಲಿ ಸ್ಟ್ಯಾಂಡು, ಅದರ ಮುಂದೆ ಬರೇ ಒಂದು ಬುಲೆಟ್ಟು. ಬೀಗದ ಕೈ ಬೆಂಗಳೂರಿನಲ್ಲಿರುವ ಮಗನ ಹತ್ತಿರ.

ಆ ಮಗ ಅಲ್ಲಿ ಅಪಾರ್ಟ್‌ಮೆಂಟಿನಲ್ಲಿದ್ದಾನೆ, ಇಷ್ಟೆಲ್ಲ ನಾಜೂಕು ಊರಿಗೆ ಬಂದದ್ದು ಆ ದಾರಿಯಿಂದಲೇ. ಅಲ್ಲಿ ಕಣ್ಣಿಗೆ ಚೆನ್ನಾಗಿರದ್ದೆಲ್ಲ ಬೇಸ್‌ಮೆಂಟಿಗೆ: ಪ್ಯಾನಲ್ ಬೋರ್ಡು, ಪಂಪು, ಜನರೇಟರು, ಕೊಳಚೆ ಶುದ್ಧಿ ಘಟಕ. ಮೇಲೆ ಲಾಬಿಯಲ್ಲಿ ಬುದ್ಧನ ತಲೆ, ಪಕ್ಕದಲ್ಲಿ ಪ್ಲಾಸ್ಟಿಕ್ ಬಿದಿರು. 2022ರ ಸೆಪ್ಟೆಂಬರಿನ ಮಳೆಯಲ್ಲಿ ಬೆಂಗಳೂರಿನ ಕೆರೆಗಳು ತಮ್ಮ ಹಳೇ ಜಾಗ ನೆನಪಿಸಿಕೊಂಡು ಬಂದಾಗ ಮೊದಲು ಮುಳುಗಿದ್ದು ಬೇಸ್‌ಮೆಂಟುಗಳೇ. ಹತ್ತನೇ ಮಹಡಿಯವರ ಕಾಲು ಒದ್ದೆಯಾಗಲಿಲ್ಲ. ಆದರೆ ಲೈಟಿಲ್ಲ, ಲಿಫ್ಟಿಲ್ಲ, ಸುತ್ತ ನೀರಿದ್ದೂ ನಲ್ಲಿಯಲ್ಲಿ ನೀರಿಲ್ಲ. 2025ರ ಮೇ ತಿಂಗಳ ಮಳೆಯಲ್ಲಿ ಬಿಟಿಎಂ ಲೇಔಟಿನ ಕಡೆ ಒಂದು ಕಟ್ಟಡದ ಬೇಸ್‌ಮೆಂಟಿನ ನೀರು ಹೊರಹಾಕುವಾಗ ಕರೆಂಟು ಹೊಡೆದು ಇಬ್ಬರು ಸತ್ತರು, ಒಬ್ಬ ಇನ್ನೂ ಹುಡುಗ. ಇದರಲ್ಲಿ ನಗುವುದಕ್ಕೆ ಏನೂ ಇಲ್ಲ.

ಜವನಗೊಂಡನಹಳ್ಳಿಗೆ ನೆಲದಡಿಯ ವಿದ್ಯೆಯನ್ನು ಬೆಂಗಳೂರು ಕಲಿಸಬೇಕಾಗಿರಲಿಲ್ಲ. ಈ ಬಯಲುಸೀಮೆಯಲ್ಲಿ ಹಗೇವು ಇದ್ದವು. ಗಟ್ಟಿ ನೆಲದಲ್ಲಿ ಹೂಜಿಯಂತೆ ಬಾಯಿ ಕಿರಿದು, ಹೊಟ್ಟೆ ಹಿರಿದಾಗಿ ತೋಡಿ, ರಾಗಿ ತುಂಬಿ, ಚಪ್ಪಡಿ ಮುಚ್ಚಿ ಮಣ್ಣು ಎಳೆದರೆ ಮೇಲೆ ದನ ಕಟ್ಟಬಹುದಿತ್ತು. ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಕಂದಾಯದವನಿಗೂ ಕಳ್ಳನಿಗೂ ಕಾಣುತ್ತಿರಲಿಲ್ಲ. ಬಾಯಿ ಎಲ್ಲಿದೆ ಎಂದು ಮನೆಯವರಿಗೆ ಮಾತ್ರ ಕತ್ತಲಲ್ಲೂ ಗೊತ್ತು. ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಕಾವು ಹೋಗಲಿ ಎಂದು ತೆರೆದಿಟ್ಟು, ದೀಪ ಇಳಿಬಿಟ್ಟು, ಆರದಿದ್ದರೆ ಮಾತ್ರ ಆಳು ಇಳಿಯಬೇಕು. ಅಕ್ಷರ ಬಾರದ ಅಜ್ಜಂದಿರ ಸುರಕ್ಷತಾ ನಿಯಮಾವಳಿ ಇದು. ಅವರ ಮೊಮ್ಮಕ್ಕಳು ಎಂಜಿನಿಯರಿಂಗ್ ಓದಿ, ಮುಚ್ಚಿದ ಸಂಪಿಗೆ, ಮಲದ ಗುಂಡಿಗೆ ಹಾಗೇ ಆಳು ಇಳಿಸುತ್ತಾರೆ. ಮರುದಿನ ಪೇಪರಿನಲ್ಲಿ ಉಸಿರುಗಟ್ಟಿದ ಸುದ್ದಿ.

ಪಾಂಡವರೂ ಆಯುಧ ಬಚ್ಚಿಟ್ಟರು, ಅದೂ ಹೆಣದಂತೆ ಕಟ್ಟಿ ಬನ್ನಿ ಮರದ ಮೇಲೆ. ಬೇಕಾದ ಹೊತ್ತಿಗೆ ಸರಕ್ಕನೆ ಇಳಿಸಿಕೊಂಡರು. ಅವರು ಮರಕ್ಕೆ ಜಿಪ್ಸಮ್ ಬೋರ್ಡು ಹೊಡೆಸಿದ್ದರೆ ಕೌರವರೇ ಗೆಲ್ಲುತ್ತಿದ್ದರು. ನಾವೂ ಆಯುಧಪೂಜೆಯ ದಿನ ಸ್ಟಾರ್ಟರಿಗೆ ವಿಭೂತಿ ಹಚ್ಚುವ ಜನ. ಮೊದಲು ಅದು ಯಾವ ಬೀರುವಿನ ಹಿಂದಿದೆ ಎಂದು ಗೊತ್ತಾಗಬೇಕು, ಅಷ್ಟೇ.

ಪ್ಯಾರಿಸ್‌ನವರು 1977ರಲ್ಲಿ ಪಾಂಪಿಡು ಕಲಾಕೇಂದ್ರ ತೆರೆದಾಗ ಪೈಪುಗಳನ್ನೆಲ್ಲ ಕಟ್ಟಡದ ಹೊರಗೇ ಬಿಟ್ಟರು: ಗಾಳಿಗೆ ನೀಲಿ, ನೀರಿಗೆ ಹಸಿರು, ಕರೆಂಟಿಗೆ ಹಳದಿ. ಅದನ್ನು ನೋಡಲು ಜನ ಮುಗಿಬಿದ್ದರು. ಅದೇ ಥರ ಗೋಡೆಯ ಮೇಲೆ ಪೈಪು ಬಿಟ್ಟು, ಸ್ಟಾರ್ಟರನ್ನು ತಗಡಿನ ಡಬ್ಬಿಯಲ್ಲಿ ಹೊರಗೇ ನೇತುಹಾಕಿದ ನಮ್ಮೂರಿನ ಹಳೇ ಮನೆಯವನನ್ನು ಮಾತ್ರ ಬೀಗರು ಬಡವ ಅಂದುಕೊಳ್ಳುತ್ತಾರೆ. ಅವನ ಮೋಟಾರು ಬೆಳಿಗ್ಗೆ ಸುಟ್ಟರೆ ಸಂಜೆಗೆ ನೀರು.

ಬಚ್ಚಿಡಬೇಡಿ ಎನ್ನುವ ಹಟ ನನಗಿಲ್ಲ. ಕೀಲಿರುವ ಬಾಗಿಲಿಡಿ, ಮೊಳೆ ಹೊಡೆದ ಹಲಗೆ ಬೇಡ. ಸಂಪಿನ ಮುಚ್ಚಳಕ್ಕೆ ಹಿಡಿ ಇರಲಿ. ಬೋರಿನ ಮೇಲೆ ಆಕಾಶ ಬಿಡಿ. ಗೋಡೆಗೆ ಪ್ಲಾಸ್ಟರ್ ಹೊಡೆಸುವ ಮುಂಚೆ, ಪೈಪು ವೈರು ಎಲ್ಲಿ ಹೋಗಿವೆ ಎಂದು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಗೃಹಪ್ರವೇಶದ ಸಾವಿರ ಫೋಟೊಗಳಲ್ಲಿ ಮುಂದೆ ನೀವು ಹುಡುಕಿ ನೋಡುವುದು ಅದೊಂದನ್ನೇ.